ಉಪ್ಪಿನ ವಾಸನೆಯಿಲ್ಲದ ಟವೆಲು

ಮೊದಲೇ ಕ್ಷಮೆ ಕೇಳಬೇಕು. ಅಕ್ಷರ ದುಂಡಗಿಲ್ಲ, ಬೇಕಾದ ಪದಗಳೂ ಕೆಲವೊಮ್ಮೆ ಕೈಗೆ ಸಿಗುವುದಿಲ್ಲ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ. ಇದು ಅಮೆರಿಕದ ಫಾಸ್ಟರ್ ಸಿಟಿಯ ಸೌದಾಮಿನಿಯಮ್ಮನ ಕಥೆ.

ಸೌದಾಮಿನಿಯಮ್ಮನ ಅನುಮಾನ ಹುಟ್ಟುಗುಣವಲ್ಲ, ಕಸುಬಿನಿಂದ ಬಂದದ್ದು. ಇಂಗ್ಲೆಂಡಿನ ಸ್ಯಾಂಡ್‌ಹೇವನ್ ಎಂಬ ಕಡಲೂರಿನಲ್ಲಿ ಅವರು ಪ್ರವಾಸಿಗರಿಗೆ ಕೋಣೆ ಕೊಡುವ ಮನೆ ನಡೆಸುತ್ತಿದ್ದರು. ಒಂದು ಕಾಲಕ್ಕೆ ಅದು ಬರೀ ಮೀನುಗಾರರ ಊರು. ರೈಲು ಬಂದ ಮೇಲೆ ಸಮುದ್ರಸ್ನಾನಕ್ಕೆಂದು ಪೇಟೆಯ ಜನ ಬಂದಿಳಿಯತೊಡಗಿದರು. ಆಗ ಮೀನುಗಾರರ ಹೆಂಗಸರು ಬೇಸಿಗೆಯಿಡೀ ಮಕ್ಕಳನ್ನು ಕಟ್ಟಿಕೊಂಡು ಹಿತ್ತಲಿನ ಬಲೆ ಇಡುವ ಕೊಟ್ಟಿಗೆಯಲ್ಲಿ ಮಲಗಿ, ಮುಂದಿನ ಕೋಣೆಗಳನ್ನು ಬಂದವರಿಗೆ ಬಿಟ್ಟುಕೊಟ್ಟರು. ಸಮುದ್ರದೊಳಕ್ಕೆ ಉದ್ದನೆಯ ಕಟ್ಟೆಯೊಂದು ಎದ್ದಿತು. ಅದರ ತುದಿಯಿಂದ ವಿಹಾರದ ದೋಣಿಗಳು ಹೊರಟವು. ಅಂಥದೊಂದು ದೋಣಿಯಲ್ಲೇ ಅವರ ಗಂಡ, ಮಲ್ಪೆಯ ಜಯಕರ, ಕೆಲಸಕ್ಕಿದ್ದದ್ದು.

ಅಲ್ಲಿಯ ಮನೆಗಳಲ್ಲಿ ಒಂದು ಕಟ್ಟಳೆಯಿತ್ತು. ಬೆಳಗಿನ ತಿಂಡಿ ಮುಗಿದರೆ ಅತಿಥಿಗಳು ಹೊರಗೆ ಹೋಗಬೇಕು, ಮಳೆಯಿರಲಿ ಚಳಿಯಿರಲಿ ಸಂಜೆಯವರೆಗೆ ಮರಳಕೂಡದು. ಆ ಹೊತ್ತಿನಲ್ಲಿ ಕೋಣೆ ಗುಡಿಸುತ್ತ ಸೌದಾಮಿನಿಯಮ್ಮ ಜನರನ್ನು ಅಳೆಯಲು ಕಲಿತರು. ಬೂಟಿನಲ್ಲಿ ಮರಳಿಲ್ಲದಿದ್ದರೆ ಇವನು ದಡದ ಕಡೆ ಹೋದವನೇ ಅಲ್ಲ. ಒದ್ದೆ ಟವೆಲನ್ನು ಮೂಸಿದರೆ ಯಾವ ನೀರೆಂದು ತಿಳಿಯುತ್ತಿತ್ತು. ಆಮೇಲೆ ಸ್ಪೇನಿಗೆ ಅಗ್ಗದ ವಿಮಾನ ಬಂತು, ಬಿಸಿಲು ಬೇಕಾದವರು ಅತ್ತ ಹೋದರು, ಕೋಣೆಗಳು ಖಾಲಿಬಿದ್ದವು. ಮಗ ಅನೀಶ ಅಪ್ಪ ಅಮ್ಮನನ್ನು ಇಲ್ಲಿ ಫಾಸ್ಟರ್ ಸಿಟಿಗೆ ಕರೆಸಿಕೊಂಡ. ಮನೆ ಬಿಟ್ಟರೂ ಮೂಸುವುದು ಬಿಡಲಿಲ್ಲ.

ಈಚೆಗೆ ಪ್ರತಿ ಶನಿವಾರ ಜಯಕರ ಗಾಳದ ಚೀಲ ಹಿಡಿದು ಕಾರು ಹತ್ತುತ್ತಿದ್ದರು. ಮೀನು ಮಾತ್ರ ಒಂದೂ ಬರಲಿಲ್ಲ. ಎಲ್ಲಿಗೆಂದು ಕೇಳುವ ಹಾಗಿಲ್ಲ. ಕಡಲಿಗೆ ಹೊರಟವರನ್ನು ಎಲ್ಲಿಗೆಂದು ಕೇಳುವುದು ಅವರ ಕಡೆ ಅಪಶಕುನ. ಒಂದು ದಿನ ಚೀಲದೊಳಗೆ ಸೌದಾಮಿನಿಯಮ್ಮನಿಗೆ ಒದ್ದೆ ಟವೆಲು ಸಿಕ್ಕಿತು. ಮೂಸಿದರು. ಉಪ್ಪಿಲ್ಲ, ಮೀನಿಲ್ಲ, ಬರೀ ಬ್ಲೀಚಿನ ವಾಸನೆ. ಬ್ಲೀಚಿನಲ್ಲಿ ಟವೆಲು ಒಗೆಯುವವರು ಯಾರೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

“ಗಾರ್ಗಿ, ಇದು ಹೋಟೆಲಿನದ್ದು.”

ಸೊಸೆ ಗಾರ್ಗಿ ಮೈಸೂರಿನವಳು; ಅವಳು ಬಂದ ಮೇಲೆ ಮನೆಯ ಮಾತು ಕನ್ನಡವೇ. “ಅತ್ತೆ, ಎಪ್ಪತ್ತು ದಾಟಿದ ಮಾವಂಗೆ ಅಫೇರಾ? ಬೆಳಗ್ಗೆ ಎದ್ದು ಸಾಕ್ಸ್ ಹಾಕ್ಕೊಳ್ಳೋಕೇ ಅರ್ಧ ಗಂಟೆ ಬೇಕು ಅವರಿಗೆ.”

“ನೀನು ನಗು. ಎಷ್ಟು ಜೋಡಿಗಳನ್ನು ನೋಡಿದ್ದೇನೆ ನಾನು.”

ಮುಂದಿನ ಶನಿವಾರ ಮೊಮ್ಮಗಳು ಲಾಸ್ಯಾಳನ್ನು ಅನೀಶನ ಕೈಗೆ ಕೊಟ್ಟು, ಅತ್ತೆ ಸೊಸೆ ಜಯಕರರ ಕಾರನ್ನು ಹಿಂಬಾಲಿಸಿದರು. ಅದು ಹಾರ್ಬರಿನ ಕಡೆ ತಿರುಗಲಿಲ್ಲ. ಪಕ್ಕದ ಊರಿನ ಈಜುಕೊಳದ ಮುಂದೆ ನಿಂತಿತು. ಗಾಳಿಯಲ್ಲಿ ಅದೇ ಬ್ಲೀಚಿನ ವಾಸನೆ. ಬೇಲಿಯಾಚೆ, ಎದೆಯ ಮಟ್ಟದ ನೀರಿನಲ್ಲಿ, ಚಿಕ್ಕ ಮಕ್ಕಳ ಸಾಲಿನ ಕೊನೆಗೆ, ಥರ್ಮೋಕೋಲಿನ ಹಲಗೆ ತಬ್ಬಿಕೊಂಡು ಜಯಕರ ಕಾಲು ಬಡಿಯುತ್ತಿದ್ದರು. ಹಲಗೆ ಜಾರಿದ್ದೇ ಗಾಬರಿಯಾಗಿ ಗೋಡೆ ಹಿಡಿದುಕೊಂಡರು.

“ಅತ್ತೆ, ಇದೇ ನೋಡಿ ನಿಮ್ಮ ಹೋಟೆಲು!” ಗಾರ್ಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಸೌದಾಮಿನಿಯಮ್ಮ ನಗಲಿಲ್ಲ. ಮೊದಲಿನದಕ್ಕಿಂತ ದೊಡ್ಡ ಅನುಮಾನವೊಂದು ಅವರೊಳಗೆ ಎದ್ದು ಕೂತಿತ್ತು. ಸ್ಯಾಂಡ್‌ಹೇವನ್ನಿನ ಕಟ್ಟೆಯಿಂದ ಬಿದ್ದ ಮಗುವೊಂದನ್ನು ಜಯಕರ ನೀರಿಗೆ ಹಾರಿ ಉಳಿಸಿದರೆಂಬ ಸುದ್ದಿ ಕೇಳಿಯೇ ಸೌದಾಮಿನಿಯಮ್ಮನ ಅಪ್ಪ ಹೆಣ್ಣು ಕೊಟ್ಟದ್ದು. ಆ ಕಥೆಯನ್ನು ನಂಬಿಯೇ ಅವರು ಆ ಚಳಿಯ ಊರಿಗೆ ಹೋದದ್ದು. ಬರುವ ಭಾನುವಾರ ಕನ್ನಡ ಕೂಟದಲ್ಲಿ ಸ್ಯಾಂಡ್‌ಹೇವನ್ನಿನ ಬಗ್ಗೆ ಮಾತಾಡುವಾಗ ಅವರು ಅದನ್ನೇ ಹೇಳುವವರಿದ್ದರು. ಈಜು ಬಾರದವನು ಹಾರಿದ್ದು ಹೇಗೆ?

ಜಯಕರ ಟವೆಲು ಸುತ್ತಿಕೊಂಡು ಹೊರಗೆ ಬಂದವರು ಇಬ್ಬರನ್ನೂ ಕಂಡು ಬೆಪ್ಪಾದರು.

“ಈಜಲಿಕ್ಕೆ ಬರುವುದಿಲ್ವಾ ನಿಮಗೆ?”

“ಇಲ್ಲ ಮಾರಾಯ್ತಿ. ಕಡಲಿಗೆ ಬಿದ್ದರೆ ಈಜು ಬರುವವ ನಿಧಾನಕ್ಕೆ ಸಾಯ್ತಾನೆ, ಅಷ್ಟೇ ವ್ಯತ್ಯಾಸ ಅಂತ ನನ್ನ ಅಪ್ಪ ಹೇಳ್ತಿದ್ರು. ಸ್ಯಾಂಡ್‌ಹೇವನ್ನಿನ ಮುದುಕರು ಹೇಳುವುದೂ ಅದನ್ನೇ. ಅಲ್ಲಿ ನೀರಿಗಿಳಿಯುವುದು ಪೇಟೆಯವರು ಮಾತ್ರ.”

“ಮತ್ತೆ ಈಗ ಎಂತಕ್ಕೆ?”

“ಲಾಸ್ಯಾ ಹಿಂದಿನ ಬಾಗಿಲು ತೆಗೀಲಿಕ್ಕೆ ಕಲಿತಿದ್ದಾಳೆ. ಎದುರೇ ಲಗೂನು, ಆಳದ ನೀರು. ನಾವಿಬ್ಬರೇ ಇರುವಾಗ ಬಿದ್ದರೆ?”

ಗಾರ್ಗಿಯ ನಗು ನಿಂತುಹೋಯಿತು.

“ಹಾಗಾದ್ರೆ ಆ ಮಗು?” ಸೌದಾಮಿನಿಯಮ್ಮ ಬಿಡಲಿಲ್ಲ.

“ದೋಣಿಯ ಕೊಕ್ಕೆಗೋಲಿನಿಂದ ಫ್ರಾಕಿಗೆ ಸಿಕ್ಕಿಸಿ ಎಳೆದೆ.”

“ಹಾರಿದ್ರಿ ಅಂತ ಅಪ್ಪನಿಗೆ ಹೇಳಿದ್ದು ಯಾರು?”

“ಸಂಬಂಧ ತಂದವರು. ಕೊಕ್ಕೆ ಹಾಕಿ ಎಳೆದವನಿಗೆ ನಿನ್ನಪ್ಪ ಹೆಣ್ಣು ಕೊಡ್ತಿದ್ರಾ?”

ಗಾರ್ಗಿಗೆ ತಡೆಯಲಾಗಲಿಲ್ಲ. “ಸೂಪರ್ ಮಾವ! ಒಂದೇ ಕೊಕ್ಕೇಲಿ ಮಗೂನೂ ಸಿಕ್ತು, ಹೆಂಡ್ತೀನೂ ಸಿಕ್ತು.”

“ನೀನು ಸುಮ್ಮನಿರು,” ಎಂದರು ಅತ್ತೆ. ಹಿಂದೆ ತಡವಾಗಿ ಬಂದ ಅತಿಥಿಗಳನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳುತ್ತಿದ್ದ ದನಿಯಲ್ಲಿ ಗಂಡನನ್ನು ಕೇಳಿದರು: “ಆಗ ನೀರು ಏರುತ್ತಿತ್ತಾ, ಇಳಿಯುತ್ತಿತ್ತಾ?”

“ಇಳಿತ. ನೀರು ಕೆಳಗಿಳಿದು, ಕಟ್ಟೆಯಿಂದ ಕೋಲು ಮಗುವಿಗೆ ಎಟುಕಲಿಲ್ಲ. ಕಟ್ಟೆಯ ಹಲಗೆಯ ಮೇಲೆ ಮಲಗಿ ಬಗ್ಗಿದೆ. ದೋಣಿಯಲ್ಲಿ ಜೊತೆಗಿದ್ದ ಮಧುಕರ್ ನನ್ನ ಕಾಲು ಹಿಡಿದುಕೊಂಡಿದ್ದ.”

“ಯಾವ ಮಧುಕರ್? ಮಂಗಳೂರಿನವರಾ? ನಮ್ಮ ಮದುವೆಯಲ್ಲಿ ಮೂರು ಸಲ ಪಾಯಸ ಹಾಕಿಸಿಕೊಂಡವರಾ?”

“ಅವನೇ.”

“ಇಷ್ಟು ವರ್ಷ ಅವರ ಹೆಸರನ್ನೇ ಎತ್ತಲಿಲ್ಲ ನೀವು.”

“ನೀನು ಕಥೆ ಹೇಳುವಾಗ ನಾನು ಹಾರುತ್ತಿದ್ದೆ. ಕಾಲು ಹಿಡಿಯುವವನಿಗೆ ಅಲ್ಲಿ ಜಾಗ ಎಲ್ಲಿತ್ತು?”

ಮಾತೇನೋ ಸರಿಯಾಗಿತ್ತು. ಆದರೆ ಅಷ್ಟು ಸರಿಯಾದ ಉತ್ತರ ಅಷ್ಟು ಬೇಗ ಬಂದದ್ದು ಸೌದಾಮಿನಿಯಮ್ಮನಿಗೆ ಹಿಡಿಸಲಿಲ್ಲ. ನಡುಗುತ್ತಿದ್ದ ಗಂಡನ ಹೆಗಲಿಗೆ ತಮ್ಮ ಶಾಲು ಹೊದಿಸಿದರು.

ಇವತ್ತು ಸಂಜೆ, ಮಂಗಳೂರಿನಲ್ಲಿ ಬೆಳಗಾಗುತ್ತಲೇ, ಸೌದಾಮಿನಿಯಮ್ಮ ಮಧುಕರ್‌ಗೆ ಫೋನು ಮಾಡುತ್ತಾರೆ. ಕಾಲು ಹಿಡಿದುಕೊಂಡವರು ನೀವೇನಾ ಎಂದು ಕೇಳುತ್ತಾರೆ. ಮಧುಕರ್ ಏನು ಹೇಳುತ್ತಾರೋ, ಭಾನುವಾರ ಕನ್ನಡ ಕೂಟದಲ್ಲಿ ಇವರು ಅಷ್ಟನ್ನೇ ಹೇಳುತ್ತಾರೆ.