ಬೆಸುಗೆಗೆ ಅಂಟಿದ ಮ್ಯಾಗ್ನೆಟ್

ಶಕುನ, ಗಿಕುನ ಅಂದರೆ ನಾನು ನಗುತ್ತಿದ್ದವನು. ರಾಣೆಬೆನ್ನೂರಿನಲ್ಲಿ ಹಳೇ ಸ್ಟೀಲ್ ಟ್ಯಾಂಕು ಕೊಂಡು, ರಿಪೇರಿ ಮಾಡಿಸಿ ಮಾರುವುದು ನನ್ನ ದಂಧೆ. ಕೈಗೆ ಸಿಕ್ಕಿದ್ದನ್ನಷ್ಟೇ ನಂಬಿ ಮೇಲೆ ಬಂದವನು. ಆದರೂ ಕೆಲವು ವರ್ಷಗಳ ಹಿಂದೆ ಬ್ಯಾಡಗಿ ಹತ್ತಿರ ನಡೆದದ್ದನ್ನು ಹೇಳದೆ ಇರಲಾರೆ. ನಂಬುವುದು ನಿಮಗೆ ಬಿಟ್ಟದ್ದು.

ನಮ್ಮ ದಂಧೆಯವರ ಕಿಸೆಯಲ್ಲಿ ಸದಾ ಒಂದು ಮ್ಯಾಗ್ನೆಟ್ ಇರುತ್ತದೆ. ನಿಕಲ್ ಸಾಕಷ್ಟಿರುವ ಒಳ್ಳೆ ಸ್ಟೇನ್‌ಲೆಸ್ ಸ್ಟೀಲಿಗೆ ಅದು ಅಂಟುವುದಿಲ್ಲ. ಬೆಸುಗೆಯ ಮೇಲೆ ತುಸು ಎಳೆದಂತಾಗುತ್ತದೆ, ಅಷ್ಟೆ. ಗಟ್ಟಿಯಾಗಿ ಅಂಟಿದರೆ ಮಾಲು ಹಲ್ಕಾ ಎಂದು ರೇಟು ಇಳಿಸುತ್ತೇವೆ.

ಮೋಟೆಬೆನ್ನೂರಿನ ಕಡೆ ಮೆಣಸಿನಕಾಯಿ ಸಾಸಿನ ಕಾರ್ಖಾನೆಯೊಂದರಲ್ಲಿ ಉಪ್ಪು, ಹುಳಿ ಕಾಯಿಸುವ ಟ್ಯಾಂಕು ಮಾರಾಟಕ್ಕಿತ್ತು. ಸೋರುವುದಿಲ್ಲವೆಂದು ತೋರಿಸಲು ಕುದಿಯುವ ನೀರನ್ನೇ ತುಂಬಿಸಿಟ್ಟಿದ್ದರು. ಹಾಡುಹಗಲು. ನನ್ನ ಹೆಂಡತಿಯ ತಮ್ಮ ಚಂದ್ರು, ವೆಲ್ಡರ್, ತಳದ ಬೆಸುಗೆ ನೋಡಲು ಕೆಳಗೆ ನುಸುಳುವವನಿದ್ದ. ನಾನು ಹೊರಗೆ ನಿಂತೇ ಆ ಬೆಸುಗೆಯ ಅಂಚಿಗೆ ಮ್ಯಾಗ್ನೆಟ್ ಹಿಡಿದೆ. ಫಟ್ಟನೆ ಅಂಟಿತು. ಕೀಳಲು ಎರಡೂ ಕೈ ಹಾಕಬೇಕಾಯಿತು. ಯಾಕೋ ಚಂದ್ರುವಿನ ಅಂಗಿ ಹಿಡಿದು ಎಳೆದೆ.

"ಬ್ಯಾಡೋ, ಕೆಳಗ ಹೋಗಬ್ಯಾಡ."

"ಯಾಕ್ರಿ ಮಾಮಾ, ಏನಾತು?"

ಕಾರ್ಖಾನೆಯ ಮೇಸ್ತ್ರಿ ಮಲ್ಲಪ್ಪ ನಕ್ಕ. "ರೇಟ್ ಇಳಸಾಕ ಸಾವ್ಕಾರ್ರು ನಾಟಕ ಚಾಲೂ ಮಾಡ್ಯಾರ. ಇರ್ರಿ, ನಾನ ಹೋಗಿ ತೋರಸ್ತೇನಿ."

ಅವನು ತಳದಡಿ ತೂರಿದ. ಬೆಸುಗೆ ಉದ್ದಕ್ಕೂ ಬಾಯಿಬಿಟ್ಟಿತು, ಕುದಿನೀರೆಲ್ಲ ಅವನ ಮೇಲೆ. ಹುಬ್ಬಳ್ಳಿಗೆ ಒಯ್ದರು, ಉಳಿಯಲಿಲ್ಲ.

ಆಮೇಲೆ ಲ್ಯಾಬಿನವರು ಹೇಳಿದ್ದು ಇಷ್ಟು: ಪ್ಲೇಟಿನಲ್ಲಿ ಉಪ್ಪು, ಹುಳಿ ತಡೆಯುವ ಮಾಲಿಬ್ಡಿನಂ ಎಂಬ ಲೋಹ ಇತ್ತು, ಬೆಸೆಯಲು ಕರಗಿಸಿದ ವೆಲ್ಡಿಂಗ್ ಕಡ್ಡಿಯಲ್ಲಿ ಇರಲಿಲ್ಲ. ಹೀಗಾಗಿ ಉಪ್ಪು, ಹುಳಿ ಸೇರಿ ಬೆಸುಗೆಯನ್ನಷ್ಟೇ ಒಳಗಿನಿಂದ ತೂತು ತೂತಾಗಿ ತಿಂದಿದ್ದವು. ಟ್ಯಾಂಕು ಕೊಳ್ಳುವವರಿಗೆ ನನ್ನ ಮಾತು: ಪ್ಲೇಟು ಯಾವುದೆಂದು ಕೇಳಿ ಸುಮ್ಮನಾಗಬೇಡಿ, ಕಡ್ಡಿ ಯಾವುದು ಅಂತಲೂ ಕೇಳಿರಿ.

ಆದರೆ ಮಾಲಿಬ್ಡಿನಂ ಇದೆಯೋ ಇಲ್ಲವೋ ಮ್ಯಾಗ್ನೆಟ್ಟಿಗೆ ತಿಳಿಯುವುದೇ ಇಲ್ಲ. ಅದೇ ಒಡೆದ ಬೆಸುಗೆಗೆ ನಾನು, ಚಂದ್ರು ಮತ್ತೆ ಮತ್ತೆ ಹಿಡಿದು ನೋಡಿದೆವು. ಪ್ರತಿಸಲವೂ ಜಾರಿಬಿತ್ತು.

ಸಾಕ್ಷಿ ಹೇಳಲು ಹಾವೇರಿ ಕೋರ್ಟಿಗೆ ಹೋದಾಗ ಮಲ್ಲಪ್ಪನ ಹೆಂಡತಿ ಸಿಕ್ಕಳು. ನಡೆದದ್ದನ್ನೆಲ್ಲ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡಳು.

"ನಿಮ್ಮ ಹುಡುಗನ ಅಂಗಿ ಹಿಡದ್ರಿ. ನಮ್ಮವರದ್ಯಾಕ ಹಿಡೀಲಿಲ್ರಿ?"

ಆ ಮ್ಯಾಗ್ನೆಟ್ ಯಾಕೆ ಅಂಟಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಈಗ ತುಂಬಿದ ಟ್ಯಾಂಕಿನಡಿ ಯಾರೇ ನುಸುಳಹೊರಟರೂ ಅಂಗಿ ಹಿಡಿದು ಎಳೆಯುತ್ತೇನೆ.