ಅಜ್ಜನ ಪುರಾಣಕ್ಕೆ ನಾನು ಸೇರಿಸಿದ ಮೂರು ಸಾಲು

ನಮ್ಮೂರ ಅಜ್ಜನ ಪುರಾಣದಲ್ಲಿ ಮೂರು ಸಾಲು ನನ್ನವು. ಇದನ್ನು ಹೇಳುವಾಗ ಈಗಲೂ ಮೈ ಜುಮ್ಮೆನ್ನುತ್ತದೆ. ಪಾಪದ ಹೆದರಿಕೆಗಲ್ಲ, ಮುಚ್ಚಿಟ್ಟು ಏನು ಮಾಡಲಿ, ಖುಷಿಗೆ! ನಾನು ಬರೆದ ಸಾಲುಗಳು ನನ್ನ ಕಣ್ಣೆದುರೇ ಕಾಲು ಬಂದು ಮೂರು ತಾಲೂಕು ತಿರುಗಾಡಿದವು. ಅಂಥ ಭಾಗ್ಯ ದೊಡ್ಡ ದೊಡ್ಡ ಕವಿಗಳಿಗೂ ಬದುಕಿದ್ದಾಗ ಸಿಕ್ಕಿರಲಿಕ್ಕಿಲ್ಲ.

ನಮ್ಮದು ಅಫಜಲಪುರ ತಾಲೂಕು, ಚೌಡಾಪುರದಲ್ಲಿ ಬಸ್ಸಿಳಿದು ಒಂದು ಹರದಾರಿ ಒಳಗೆ ನಡೆಯಬೇಕು. ಯಾವ ಕಾಲದಲ್ಲೋ ಒಬ್ಬ ಶರಣ ಜ್ವರ ಹಿಡಿದುಕೊಂಡು ಭೀಮಾ ದಾಟಿ ಬಂದು, ನಮ್ಮೂರಲ್ಲಿ ಒಂದು ಬಟ್ಟಲು ಅಂಬಲಿ ಕುಡಿದು, ಇಲ್ಲೇ ಉಳಿದು, ಇಲ್ಲೇ ಐಕ್ಯನಾದ. ಅವನೇ ಅಜ್ಜ. ಅವನ ಗದ್ದುಗೆಯ ಮೇಲೊಂದು ಸಣ್ಣ ಮಠ. ಶ್ರಾವಣ ತಿಂಗಳಿಡೀ ಅಲ್ಲಿ ಸಂಜೆ ಅವನ ಪುರಾಣ ಓದುತ್ತಾರೆ. ಕೊನೆಯ ದಿನ ಅಂಬಲಿ ಸೇವೆ. ಜೋಳದ ಹಿಟ್ಟು, ಮಜ್ಜಿಗೆ, ಬೆಳ್ಳುಳ್ಳಿ, ಜೀರಿಗೆ ಹಾಕಿ ಒಂದು ದೊಡ್ಡ ಹಂಡೆ ತುಂಬ ಅಂಬಲಿ ಕಾಸಿ, ಮೊದಲ ಬಟ್ಟಲನ್ನು ಗದ್ದುಗೆಯ ಮುಂದಿಟ್ಟು, ಅದೇ ಕೈಯಿಂದ ಊರಿಗೆಲ್ಲ ಬಡಿಸಬೇಕು. ಆ ಮೊದಲ ಬಟ್ಟಲು ದೊಡ್ಡ ಮನೆಯ ಗೌಡ್ತಿಯದು. ಆಕೆ ಮುತ್ತೈದೆ, ಊರಿಗೆ ಹಿರಿಯಳು, ಮಾತು ಖಡಕ್.

ಅಂಬಲಿ ಕಾಸುತ್ತಿದ್ದವಳು ಮಾತ್ರ ನಮ್ಮ ಅತ್ತೆ, ಅಪ್ಪನ ತಂಗಿ. ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಬೆಳಗಿನಿಂದ ಹೊಗೆ ಕುಡಿಯುತ್ತ, ಒಂದು ಗಂಟೂ ಆಗದ ಹಾಗೆ ಅಂಬಲಿ ತಿರುವುತ್ತಿದ್ದಳು. ಕಾಸಿದ್ದಾದ ಮೇಲೆ ಕೈ ಒರೆಸಿಕೊಂಡು ಹಿಂದಿನ ಗೋಡೆಗೆ ಹೋಗಿ ನಿಲ್ಲುತ್ತಿದ್ದಳು. ವಿಧವೆ ಕೈಯಿಂದ ಮೊದಲ ಬಟ್ಟಲು ಇಡಿಸುತ್ತಾರೆಯೇ? ಮನುಷ್ಯರೆಲ್ಲ ಒಂದೇ ಎಂದು ತಿಂಗಳು ಪೂರ್ತಿ ಕೇಳಿ ತಲೆದೂಗಿದ ಜನವೇ ಹೀಗೆ ಮಾಡುತ್ತಿತ್ತು. ನನಗೋ ಸಿಟ್ಟು ಮೂಗಿನ ತುದಿಯಲ್ಲಿ. "ಅತ್ತಿ, ನೀ ಮಾಡಬ್ಯಾಡ. ಗೌಡ್ತಿನೇ ಬಂದು ಹೊಗೀ ಕುಡೀಲಿ" ಎನ್ನುತ್ತಿದ್ದೆ. "ಸುಮ್ನಿರಬೇ, ಅಜ್ಜಗ ಮಾಡಾಕತ್ತೇನಿ, ಅಕಿಗಲ್ಲ" ಎಂದು ಅತ್ತೆ ಬಾಯಿ ಮುಚ್ಚಿಸುತ್ತಿದ್ದಳು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಶಿಕ್ಷಕಿಯ ತರಬೇತಿ ಮುಗಿಸಿ ಮನೆಯಲ್ಲಿ ನೌಕರಿಯ ಕಾಗದ ಕಾಯುತ್ತಿದ್ದೆ. ನನ್ನ ಅಕ್ಷರ ಮುತ್ತಿನಂಥವು, ಇದು ನಾನಲ್ಲ, ಊರೇ ಹೇಳುತ್ತಿತ್ತು. ಮಠದ ಅಯ್ಯನವರು ನನ್ನನ್ನು ಕರೆಸಿ ಪುರಾಣದ ಕೈಬರಹದ ಪುಸ್ತಕ ಮುಂದಿಟ್ಟರು. ಮಾಳಿಗೆ ಸೋರಿ ಹಾಳೆಗಳು ಅಂಟಿಕೊಂಡಿದ್ದವು, ಅಂಚುಗಳನ್ನು ಗೆದ್ದಲು ತಿಂದಿತ್ತು. ಹೊಸ ಪುಸ್ತಕಕ್ಕೆ ಅಂದವಾಗಿ ನಕಲು ಮಾಡಿಕೊಡು ಎಂದರು.

ಬರೆಯುತ್ತ ಬರೆಯುತ್ತ ಅಜ್ಜ ನದಿ ದಾಟಿದ. ಊರೊಳಗೆ ಬಂದ. ಮಧ್ಯಾಹ್ನದ ಬಿಸಿಲು, ಎಲ್ಲ ಮನೆ ಬಾಗಿಲೂ ಹಾಕಿದ್ದವು. ಮುಂದಿನ ಹಾಳೆಯೇ ಇಲ್ಲ! ಅದರ ಮುಂದಿನದರಲ್ಲಿ ಅಂಬಲಿ ಕುಡಿದು ಜ್ವರ ಬಿಟ್ಟಿತ್ತು. ಹಾಗಾದರೆ ಅಂಬಲಿ ಕೊಟ್ಟವರು ಯಾರು? ಓಡಿ ಹೋಗಿ ಅಯ್ಯನವರನ್ನು ಕೇಳಿದೆ.

"ಆ ಹಾಳಿ ಹೋಗಿ ಭಾಳ ವರ್ಷ ಆತವ್ವ. ನಮ್ಮಪ್ಪನ ಕಾಲಕ್ಕೂ ಇದ್ದಿಲ್ಲ. ನಾ ಅಲ್ಲಿ ಏನರ ಹೇಳಿ ದಾಟಿಸ್ತೇನಿ. ನೀ ಜಾಗಾ ಬಿಟ್ಟು ಬರಿ" ಎಂದರು.

ನಾನು ಜಾಗ ಬಿಡಲಿಲ್ಲ.

ಷಟ್ಪದಿಯ ಮಾತ್ರೆ ಎಣಿಸುವುದನ್ನು ಅಪ್ಪ ಬೆರಳ ಗೆಣ್ಣಿನ ಮೇಲೆ ಕಲಿಸಿದ್ದ. ಎರಡು ದಿನ ಊಟದ ಮೇಲೆ ಲಕ್ಷ್ಯವಿರಲಿಲ್ಲ. ಬೆರಳು ಮಡಿಸುತ್ತ, ಬಿಚ್ಚುತ್ತ, ತುಟಿಯಲ್ಲೇ ಗುನುಗುತ್ತ ಓಡಾಡಿದೆ. ಮೂರನೆಯ ದಿನ ಬಂತು:

ಪತಿಯ ಕಳೆದಾ ಸತಿಯ ಕೈಯಿಂ
ಹಿತದೊಳಂಬಲಿ ಕುಡಿದನಜ್ಜನು
ಲತೆಯ ನೆಳಲೊಳು ಕುಳಿತು ದಣಿವನು ಕಳೆದ ಶಿವಯೋಗಿ

ಆ ಬಳ್ಳಿಗೂ ನಮ್ಮೂರಿಗೂ ಯಾವ ಸಂಬಂಧವೂ ಇಲ್ಲ. ಎರೆಭೂಮಿ, ಬೇವು, ಜಾಲಿ ಬಿಟ್ಟರೆ ನೆರಳೆಲ್ಲಿಯದು? 'ಪತಿ', 'ಹಿತ'ಗಳಿಗೆ ಪ್ರಾಸ ಸಿಗದೆ 'ಲತೆ' ಹಾಕಿದೆ, ಅಷ್ಟೇ.

ಆ ಶ್ರಾವಣದಲ್ಲಿ ಅಯ್ಯನವರು ಹೊಸ ಪುಸ್ತಕ ಹಿಡಿದು ಕೂತರು. ಆ ಸಂಧಿ ಬಂದ ಸಂಜೆ ನಾನು ಹೆಂಗಸರ ನಡುವೆ ಸೆರಗು ಹಿಂಡುತ್ತ ಕೂತಿದ್ದೆ. ಅವರು ಓದುತ್ತ ಹೋಗಿ ಆ ಸಾಲಿನ ಹತ್ತಿರ ಗಕ್ಕನೆ ನಿಂತರು. ಕನ್ನಡಕದ ಮೇಲಿನಿಂದ ಹೆಂಗಸರ ಕಡೆ ನೋಡಿದರು. ನಾನು ಕಾಲ್ಬೆರಳು ಎಣಿಸತೊಡಗಿದೆ. ಮುಗಿಯಿತು ನನ್ನ ಕಥೆ ಎಂದುಕೊಳ್ಳುವಷ್ಟರಲ್ಲಿ ಅವರು ಅದನ್ನೇ ಇನ್ನೊಮ್ಮೆ ಓದಿದರು, ಈ ಸಲ ರಾಗ ಹಚ್ಚಿ! ಆಮೇಲೆ ಅರ್ಥ ಹೇಳಿದರು. ಆ ತಾಯಿ ಮೂರು ದಿನದಿಂದ ಉಪವಾಸ ಇದ್ದಳಂತೆ, ಮನೆಯಲ್ಲಿ ಒಂದೇ ಹಿಡಿ ಹಿಟ್ಟಿತ್ತಂತೆ. ಅದ್ಯಾವುದೂ ನಾನು ಬರೆದದ್ದಲ್ಲ. ಅಷ್ಟರಲ್ಲಿ ಗಂಡಸರ ಕಡೆಯಿಂದ ಒಬ್ಬ ಮುದುಕ, "ಖರೇ ಅದರಿ. ನಮ್ಮ ಮುತ್ಯಾ ಹಿಂಗೇ ಹೇಳ್ತಿದ್ದ. ನಾ ಸಣ್ಣಾವಿದ್ದಾಗ ಕೇಳೇನಿ" ಎಂದ. ನಾನು ಕೂತಲ್ಲೇ ಜೋಲಿ ತಪ್ಪಿ ಪಕ್ಕದವಳ ಮೇಲೆ ಬಿದ್ದೆ.

ಕೊನೆಯ ದಿನ ಅಯ್ಯನವರು ಹಿಂದಿನ ಗೋಡೆಯ ಕಡೆ ಕೈ ಮಾಡಿ ಅತ್ತೆಯನ್ನು ಕರೆದರು. "ಪುರಾಣದಾಗ ಹಿಂಗ ಅದ. ಮೊದಲ ಬಟ್ಟಲ ನೀ ಇಡವ್ವ." ಗೌಡ್ತಿಯ ಮುಖ ಕಪ್ಪಿಟ್ಟಿತು. ಪುರಾಣದ ಮಾತಿಗೆ ಎದುರಾಡುವುದು ಹೇಗೆ? ಕೈಯಲ್ಲಿದ್ದ ಬಟ್ಟಲನ್ನು ನೆಲಕ್ಕಿಟ್ಟು ಹೋಗಿ ಕೂತಳು. ಅತ್ತೆ ಗದ್ದುಗೆ ಮುಟ್ಟುವಷ್ಟರಲ್ಲಿ ಅರ್ಧ ಅಂಬಲಿ ಚೆಲ್ಲಿತ್ತು. ಆ ರಾತ್ರಿ ಅವಳು ಉಣ್ಣಲಿಲ್ಲ, ನಗುತ್ತಿದ್ದಳು, ಅಳುತ್ತಿದ್ದಳು. ನನ್ನ ಜೀವಮಾನದಲ್ಲಿ ನಾನು ಅಷ್ಟು ಸಂತೋಷಪಟ್ಟಿಲ್ಲ.

ಮುಂದೆ ನಡೆದದ್ದು ನೋಡಿ! ಎರಡೇ ವರ್ಷದಲ್ಲಿ ಮಠದ ಗೋಡೆಗೆ ಮಲ್ಲಿಗೆ ಬಳ್ಳಿ ಹಬ್ಬಿತು. ನೆಟ್ಟವರು ಯಾರೆಂದು ಕೇಳಿದರೆ "ಅಜ್ಜನ ಕಾಲದ್ದು" ಎಂದರು. ಮಕ್ಕಳಾಗದವರು ಅದಕ್ಕೆ ದಾರ ಕಟ್ಟಿದರು. ಒಂದು ಮನೆಯವರು ತಮ್ಮ ಅಟ್ಟದಿಂದ ಮಸಿ ಹಿಡಿದ ಮಡಕೆ ಇಳಿಸಿ ತಂದು, ಆ ತಾಯಿ ಅಂಬಲಿ ಕಾಸಿದ್ದು ಇದರಲ್ಲೇ ಎಂದರು. ನನಗೆ ನೌಕರಿ ಸಿಕ್ಕು ಆಳಂದ ತಾಲೂಕಿನ ಹಳ್ಳಿಗೆ ಹೋದರೆ, ಅಲ್ಲಿ ತೊಗರಿ ಹಸನು ಮಾಡುವ ಹೆಂಗಸರು ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಅವಳದೇ ಹಾಡು ಹಾಡುತ್ತಿದ್ದರು. ಅವರ ಹಾಡಿನಲ್ಲಿ ಅಂಬಲಿ ಹಾಲಾಗಿತ್ತು. ಜೇವರ್ಗಿ ಕಡೆಗೆ ವರ್ಗವಾದಾಗ ಜೊತೆಯ ಶಿಕ್ಷಕಿಯೊಬ್ಬರು ಚಹಾ ಸುರಿಯುತ್ತ, "ಆಕಿ ನಮ್ಮ ಕಡಿಯಾಕಿರಿ ಅಕ್ಕೋರ, ನಿಮ್ಮೂರಿಗಿ ಬರೇ ಕೊಟ್ಟಿದ್ರು. ಅಜ್ಜ ಕುಂತ ಕೂಡ್ಲೆ ಮಟಮಟ ಮಧ್ಯಾಹ್ನದಾಗ ಬಳ್ಳಿ ಹೂ ಬಿಡ್ತು, ನಿಮಗ ಮಾಲೂಮ್ ಇಲ್ಲೇನು?" ಎಂದರು. ನನಗೆ ಚಹಾ ನೆತ್ತಿಗೆ ಹತ್ತಿ ಕೆಮ್ಮಿ ಕೆಮ್ಮಿ ಸಾಕಾಯಿತು.

ಇವರಲ್ಲಿ ಒಬ್ಬರೂ ಸುಳ್ಳುಗಾರರಲ್ಲ. ಅದೇ ನನಗೆ ಸೋಜಿಗ. ಹಸಿವು ಕಂಡವರು ಹಿಡಿ ಹಿಟ್ಟು ಸೇರಿಸಿದರು, ಕೂಸು ಬೇಕಾದವರು ದಾರ ಸೇರಿಸಿದರು, ತವರು ನೆನೆದವರು ಅವಳಿಗೊಂದು ತವರು ಕೊಟ್ಟರು. ನಾನೂ ಅಷ್ಟೇ ಅಲ್ಲವೇ, ನನಗೆ ಬೇಕಾದ್ದನ್ನು ಸೇರಿಸಿದವಳು? ಊರಿನ ಸುದ್ದಿ ಹೊತ್ತು ಬಂದ ಪ್ರತಿ ಬಸ್ಸಿನಲ್ಲೂ ಅವಳು ಇನ್ನಷ್ಟು ಬೆಳೆದಿರುತ್ತಿದ್ದಳು. ನಾನು ಕಿವಿ ನೆಟ್ಟಗೆ ಮಾಡಿಕೊಂಡು ಕಾಯುತ್ತಿದ್ದೆ.

ಹನ್ನೆರಡು ವರ್ಷ ಹೀಗೆ ನಡೆಯಿತು. ಒಂದು ಶ್ರಾವಣದಲ್ಲಿ ರಜೆಗೆ ಊರಿಗೆ ಬಂದಾಗ, ಹಳೆಯ ಪುಸ್ತಕಗಳನ್ನು ಹುಡುಕಿ ಅಚ್ಚು ಹಾಕಿಸುವ ಕಾಲೇಜು ಮಾಸ್ತರರೊಬ್ಬರು ಮನೆಗೆ ಬಂದರು. ಆಳಂದದ ಕಡೆ ಯಾರದೋ ಮನೆಯಲ್ಲಿ ಇದೇ ಪುರಾಣದ ಇನ್ನೊಂದು ಪ್ರತಿ ಸಿಕ್ಕಿತ್ತು, ಒಂದು ಹಾಳೆಯೂ ಹಾಳಾಗದೆ. ನಕಲು ಮಾಡಿದವಳು ನಾನೆಂದು ತಿಳಿದು ತೋರಿಸಲು ತಂದಿದ್ದರು. ಕಳೆದುಹೋದ ಹಾಳೆ ಅದರಲ್ಲಿತ್ತು. ಅಂಬಲಿ ಕೊಟ್ಟವಳು ಗೌಡರ ಮನೆಯ ಮುತ್ತೈದೆ, ಬಳ್ಳಿಯೂ ಇಲ್ಲ, ವಿಧವೆಯೂ ಇಲ್ಲ. "ಕೊನೀ ದಿನ ಮಠದಾಗ ಇದನ್ನ ಓದ್ತೇನ್ರಿ. ಮಂದಿಗಿ ಖರೇ ಪಾಠ ಗೊತ್ತಾಗ್ಲಿ" ಎಂದರು. ಕೆಟ್ಟ ಮನುಷ್ಯರೇನಲ್ಲ, ಮುಖದ ತುಂಬ ಉತ್ಸಾಹ.

ಅವರು ಹೋದ ಮೇಲೆ ಅತ್ತೆಗೆ ಎಲ್ಲ ಹೇಳಿದೆ, ಮೊದಲ ಸಲ. ಅವಳು ಮೊರದಲ್ಲಿ ಜೋಳ ಕೇರುತ್ತಿದ್ದಳು, ಕೈ ನಿಂತಿತು.

"ಹನ್ನೆರಡು ವರ್ಷ ನಾ ಅಜ್ಜನ ಮುಂದ ಸುಳ್ಳ ಹಿಡಕೊಂಡು ನಿಂತಿದ್ದೆನೇನ?"

"ನಿನ್ನ ಸಲುವಾಗಿ ಬರದೆ ಅತ್ತಿ."

"ನಾ ಕೇಳಿದ್ದೆನೇನ ನಿನಗ?"

ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ. ಅಷ್ಟು ವರ್ಷ ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡಿದ್ದೆ. ಅವಳನ್ನು ಒಂದು ಮಾತು ಕೇಳಬೇಕಿತ್ತೆಂದು ಆಗ ಹೊಳೆಯಿತು. ನಾಚಿಕೆಯಾಯಿತು.

ಕೊನೆಯ ದಿನ ಮಠ ತುಂಬಿತ್ತು. ಮಾಸ್ತರರು ಆ ಪ್ರತಿ ಓದಿದರು. ಗುಜುಗುಜು ಎದ್ದಿತು. ಎಲ್ಲರ ಕಣ್ಣು ಮೊದಲು ಗೌಡ್ತಿಯ ಕಡೆ, ಆಮೇಲೆ ಹಂಡೆಯ ಹತ್ತಿರ ನಿಂತ ನನ್ನ ಅತ್ತೆಯ ಕಡೆ ಹೋದವು. ನಾನು ಎದ್ದು ನಿಲ್ಲುವ ಮೊದಲೇ ಅತ್ತೆ ಬಾಯಿ ತೆರೆದಳು. ಆ ಮಠದಲ್ಲಿ ಅವಳು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಮಾಸ್ತರು ಹೇಳಿದ್ದು ಖರೇ. ಆ ಸಾಲು ನಮ್ಮ ಹುಡುಗಿ ಬರದಾಳ. ನನ್ನ ಮ್ಯಾಲಿನ ಜೀವಕ್ಕ ಬರದಾಳ. ತಪ್ಪಾಗ್ಯದ."

ಮುಪ್ಪಿನಿಂದ ಬಾಗಿದ ಅಯ್ಯನವರು ನಕ್ಕರು. "ಅಕಿ ಎಲ್ಲಿ ಬರೀತಾಳವ್ವ? ಅಜ್ಜನೇ ಅಕಿ ಕೈಯಾಗ ಕುಂತು ಬರಸ್ಯಾನ." ಅಷ್ಟೇ ಸಾಕಿತ್ತು. "ಹೌದ್ರಿ, ಹೌದ್ರಿ!" ಎಂದು ಜನ ಎದ್ದಿತು. ಯಾರೋ ನನ್ನ ಬಲಗೈ ಹಿಡಿದು ಕಣ್ಣಿಗೊತ್ತಿಕೊಂಡರು. ಎರಡು ದಿನ ಮಾತ್ರೆ ಎಣಿಸಿ ಬೆರಳು ನೋವಾದದ್ದು ನನಗೆ ಗೊತ್ತು, ಅಜ್ಜನಿಗಲ್ಲ! ಆದರೂ ಒಳಗೊಳಗೇ ಬದುಕಿದೆ ಎನಿಸಿತು, ಅತ್ತೆಯ ಬಟ್ಟಲು ಉಳಿಯಿತಲ್ಲ.

ಅತ್ತೆ ಒಪ್ಪಲಿಲ್ಲ. ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದಳು.

"ಅಜ್ಜ ಬರಸಿಲ್ಲ. ಅಜ್ಜನ ಹೆಸರು ಹೇಳಿ ನನಗ ಏನೂ ಕೊಡಬ್ಯಾಡ್ರಿ. ನಾ ರಂಡಮುಂಡಿ, ಈ ಅಂಬಲಿ ನಾ ಕಾಸೇನಿ. ಇಷ್ಟು ಗೊತ್ತಿದ್ದೂ ನನ್ನ ಕೈಯಾಗಿಂದು ಕುಡಿಯೋರಿದ್ರ ಬರ್ರಿ. ಇಲ್ಲಂದ್ರ ನಾ ಹಿಂದ ಹೋಗಿ ನಿಂದರ್ತೇನಿ."

ಯಾರೂ ಏಳಲಿಲ್ಲ. ಪವಾಡವಾಗಿದ್ದರೆ ನೂಕುನುಗ್ಗಲಾಗುತ್ತಿತ್ತು, ಬರೀ ಒಬ್ಬ ಹೆಂಗಸು ಕೇಳಿದ್ದಕ್ಕೆ ಎಲ್ಲರೂ ನೆಲ ನೋಡಿದರು. ಅತ್ತೆ ಸೌಟು ಹಂಡೆಯ ಮೇಲೆ ಅಡ್ಡವಿಟ್ಟಳು. ಗೋಡೆಯ ಕಡೆ ತಿರುಗಿದಳು.

ಆಗ ಗೌಡ್ತಿ ಎದ್ದಳು. ಮಂಡಿನೋವು, ನೆಲಕ್ಕೆ ಕೈಯೂರಿ ನಿಧಾನವಾಗಿ ಎದ್ದಳು. ಪುಸ್ತಕ ಈಗ ಅವಳ ಕಡೆಗೇ ಇತ್ತು, ಬಟ್ಟಲು ನನ್ನದು ಎಂದಿದ್ದರೆ ಯಾರೂ ಉಸಿರೆತ್ತುತ್ತಿರಲಿಲ್ಲ. ಅವಳು ಹಂಡೆಯ ಹತ್ತಿರ ಬಂದು, ಗದ್ದುಗೆಯ ಮುಂದಿಡುವ ಬಟ್ಟಲನ್ನು ತೆಗೆದು ಅತ್ತೆಯ ಕೈಗೆ ಕೊಟ್ಟಳು. ಆಮೇಲೆ ತನ್ನ ಬಟ್ಟಲು ಚಾಚಿದಳು.

"ನಾಕು ಮಂದಿ ಮಕ್ಕಳನ್ನ ಹಡದು ಬಾಣಂತನದಾಗ ನಿನ್ನ ಕೈ ಗಂಜೀನೇ ಕುಡದೇನಿ. ಆವಾಗ ಯಾವ ಪುರಾಣ ಕೇಳಿದ್ದೆ? ಅಜ್ಜಗ ಇಟ್ಟು ಬಾ. ಆಮ್ಯಾಲ ನನಗ ನೀಡಬೇ, ಆರಿ ಹೋಗ್ತದ."

ಅತ್ತೆ ಇಟ್ಟು ಬಂದಳು, ಈ ಸಲ ಒಂದು ಹನಿಯೂ ಚೆಲ್ಲಲಿಲ್ಲ. ಗೌಡ್ತಿಗೆ ಬಡಿಸಿದಳು. ಅವಳ ಹಿಂದೆ ಸಾಲು ಬೆಳೆಯಿತು. ಮಾಸ್ತರರೂ ನಿಂತಿದ್ದರು. ನಾನು ಸೆರಗು ಬಾಯಿಗಿಟ್ಟುಕೊಂಡು ಗೊಳೋ ಎಂದು ಅತ್ತುಬಿಟ್ಟೆ.

ಮರುವರ್ಷ ಜೇವರ್ಗಿಯಿಂದ ಬಸ್ಸಿನಲ್ಲಿ ಊರಿಗೆ ಬರುವಾಗ ಪಕ್ಕದಲ್ಲಿ ಒಬ್ಬ ಗುರುತಿಲ್ಲದ ಹೆಂಗಸು ಕೂತಿದ್ದಳು. ನಮ್ಮೂರ ಹೆಸರು ಕೇಳಿದ್ದೇ ಕಣ್ಣರಳಿಸಿದಳು. "ಅಯ್ಯ, ನಿಮ್ಮೂರಾಗ ಹೋದ ಶ್ರಾವಣದಾಗ ದೊಡ್ಡ ಪವಾಡ ಆತಂತಲ್ರಿ! ಗದ್ದುಗಿ ಮ್ಯಾಲಿನ ದೀಪ ತಾನೇ ಹತ್ತಿತಂತ. ಅಜ್ಜ ಗೌಡ್ತಿ ಮೈಯಾಗ ಬಂದು, ವಿಧವಿ ಕೈಯಾಗಿನ ಅಂಬಲಿ ಬೇಡಿ ಕುಡದನಂತ."

ಹೊಸ ಕಥೆ ಸಿಕ್ಕರೆ ಕುಣಿಯುವವಳು ನಾನು. ಆ ದಿನ ಮಾತ್ರ ರೇಗಿತು. ಮಂಡಿನೋವಿನಲ್ಲಿ ಎದ್ದು ಬಂದ ಹೆಂಗಸಿನಿಂದ ಅವಳು ಎದ್ದು ಬಂದದ್ದನ್ನೇ ಕಸಿದುಕೊಳ್ಳುತ್ತಿದ್ದರಲ್ಲ!

"ದೀಪ ಗೀಪ ಏನೂ ಹತ್ತಿಲ್ಲವ್ವ. ನಾ ಅಲ್ಲೇ ಇದ್ದೆ. ಯಾರ ಮೈಯಾಗೂ ಯಾರೂ ಬಂದಿಲ್ಲ. ಗೌಡ್ತಿ ತಾನಾಗೇ ಎದ್ದು ಬಂದ್ಲು."

ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಇಂಥ ಹಸಿ ಸುಳ್ಳು ಹೇಳುವವಳ ಪಕ್ಕದಲ್ಲಿ ಕೂತೆನಲ್ಲ ಎನ್ನುವ ಹಾಗೆ ಸ್ವಲ್ಪ ಸರಿದು ಕೂತಳು.

"ದೀಪ ತಾನೇ ಹತ್ತೇದ ಅಂದ್ರ ನಂಬಬಹುದ್ರಿ ಅಕ್ಕೋರ" ಎಂದಳು. "ಗೌಡ್ತಿ ತಾನಾಗೇ ಎದ್ದಾಳಂದ್ರ ಹ್ಯಾಂಗ ನಂಬಬೇಕು?"