ತಂತಿಯ ಮೇಲಿದ್ದ ಅಂಗಿ

ಅಪ್ಪ ಬಿಟ್ಟು ಹೋದ ಮೇಲೆ ಅವ್ವ ನಮ್ಮೂರು ಅವರ್ಸಾದಲ್ಲಿ ಕೂಲಿ ಮಾಡಿ ನನ್ನನ್ನು ಸಾಕಿದಳು. ಗಂಡ ಬಿಟ್ಟ ಹೆಂಗಸರಿಗೆ ಸರ್ಕಾರ ಕೊಡುವ ಪಿಂಚಣಿಗೆ ಅರ್ಜಿ ಹಾಕಿದಾಗ, ವಿಚಾರಣೆಗೆಂದು ಮನೆಗೆ ಬಂದ ಅಧಿಕಾರಿ ತಂತಿಯ ಮೇಲೆ ಒಣಗುತ್ತಿದ್ದ ಗಂಡಸರ ಅಂಗಿ ನೋಡಿದ.

"ಇದು ಯಾರದ್ದು?"

"ನಂದೇಯ ಸಾಹೇಬ್ರೆ. ಗದ್ದೆಗೆ ಹೋಗ್ವಾಗ ಸೀರೆ ಮೇಲೆ ಹಾಕ್ಕಂತೆ."

ಅವನು ನಕ್ಕ. ಮನೆಯಲ್ಲಿ ಗಂಡಸಿದ್ದಾನೆಂದು ಬರೆದ. ಅರ್ಜಿ ತಿರಸ್ಕೃತವಾಯಿತು.

ಅದು ತಿಳಿದ ದಿನ ಅವ್ವ ನಾಟಿ ಬಿಟ್ಟು, ಕೆಸರು ಮೆತ್ತಿದ ಅದೇ ಅಂಗಿಯಲ್ಲಿ ನನ್ನನ್ನೂ ಕರೆದುಕೊಂಡು ಅಂಕೋಲೆಯ ಬಸ್ಸು ಹತ್ತಿದಳು. ತಾಲೂಕು ಕಚೇರಿಯಲ್ಲಿ ಮೇಲಧಿಕಾರಿಯ ಎದುರು ನಿಂತು, "ನಿಮ್ಮವ್ರು ಕಂಡ ಗಂಡಸು ನಾನೇಯ. ಸಮಾ ನೋಡಿ ಬರ್ಕಣಿ" ಎಂದಳು.

ಪಿಂಚಣಿಯೇನೋ ಮಂಜೂರಾಯಿತು. ನನ್ನ ಸಿಟ್ಟು ಮಾತ್ರ ಇಂದಿಗೂ ಇಳಿದಿಲ್ಲ. ಅವ್ವನ ಬಟ್ಟೆಯನ್ನು ಪರೀಕ್ಷಿಸಿದವರಲ್ಲಿ ಒಬ್ಬನೂ, ಕಾರವಾರದಲ್ಲಿ ಬೇರೆ ಸಂಸಾರ ಹೂಡಿಕೊಂಡು ಆರಾಮವಾಗಿದ್ದ ಅಪ್ಪನ ಬಳಿ ಹೋಗಿ, ಹೆಂಡತಿ ಮಗುವನ್ನು ಯಾಕೆ ಬಿಟ್ಟೆ ಎಂದು ಕೇಳಲಿಲ್ಲ.